ಹಲಗಿ ಮೇಳದ ಹನ್ನೆರಡು ತಾಟು

ಕಾಡವ್ವನಿಂದ ನಾನು ತಿಂದಷ್ಟು ಬೈಗುಳವನ್ನು ಕಟ್ಟಿಕೊಂಡ ಹೆಂಡತಿಯಿಂದಲೂ ತಿಂದಿಲ್ಲ. ಅದೂ ಊರ ಮಂದಿಯ ಎದುರಿಗೆ, ಮಸೂತಿಯ ಅಂಗಳದಲ್ಲಿ, ನಾನು ಕಿವಿಯ ಮೇಲೆ ಕೈಯಿಟ್ಟು ದೊಡ್ಡ ಹಾಡುಗಾರನ ಗತ್ತಿನಲ್ಲಿ ನಿಂತಿರುವಾಗ. ಹಾಡು ತುಸು ಓಡಿತೋ, ಆಕೆಯ ಹಲಗಿ ಟಪ್ಪನೆ ನಿಲ್ಲುತ್ತದೆ.

"ಏ ಗೌಸಣ್ಣಾ, ಎಲ್ಲಿಗೆ ಓಡಾಕತ್ತೀಯೋ? ಬಸ್ಸು ಬಿಟ್ಟು ಹೊಂಟೈತೇನು?"

ಅಂಗಳದ ತುಂಬ ನಗೆ. ನಾನು ಹುಳ್ಳಗೆ ನಕ್ಕು ಮತ್ತೆ ಮೊದಲಿನಿಂದ ಎತ್ತಿಕೊಳ್ಳಬೇಕು. ಸಿಟ್ಟು ಬರುತ್ತದೆ, ಖರೆ. ಆದರೆ ಆಕೆ ಹೇಳಿದ್ದು ಒಂದು ಸಲವೂ ತಪ್ಪಾಗಿರುವುದಿಲ್ಲ, ಅದೇ ಹೆಚ್ಚಿನ ಸಿಟ್ಟು.

ನನ್ನ ಹೆಸರು ಮಹಮ್ಮದಗೌಸ. ಘಟಪ್ರಭಾದಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಊರು ಅಲ್ಲಿಂದ ಬೆಲ್ಲದ ಬಾಗೇವಾಡಿ ಕಡೆಗೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಹಿರಿಯರೆಲ್ಲ ನಾಳೆಯೇ ಅಂಗಡಿಗೆ ಬಂದು, ನನ್ನದೇ ಬಾಕಿನ ಮೇಲೆ ಕುಳಿತು, ನನ್ನದೇ ಚಹಾ ಕುಡಿದು ನನಗೇ ಬೈಯುತ್ತಾರೆ.

ನಮ್ಮಲ್ಲಿ ಮೊಹರಮ್ ಇಡೀ ಊರಿನದು. ಡೋಲಿ ಹೊರುವವರು ಕುರುಬರು, ಅಡುಗೆಗೆ ಗೋಧಿ ಬೆಲ್ಲ ಕೊಡುವವರು ಲಿಂಗಾಯತರು, ಹಾಡು ನಮ್ಮ ಮನೆತನದ್ದು, ಹಲಗಿ ಕಾಡವ್ವನ ಕೇರಿಯದು. ಕರ್ಬಲಾದ ಕಥೆಯನ್ನು ಹಾಡುವ ರಿವಾಯತ ಪದಗಳಿಗೆ ಹಲಗಿಯ ಪೆಟ್ಟು ಬೇಕೇ ಬೇಕು. ಆ ಪೆಟ್ಟಿನ ಮೇಲೆ ಹತ್ತಿಪ್ಪತ್ತು ಜನ ಸುತ್ತು ಕಟ್ಟಿ ಹೆಜ್ಜೆ ಹಾಕುತ್ತಾರೆ. ಹಾಡುಗಾರ ಎಂಥವನಿದ್ದರೂ ನಡೆದುಹೋಗುತ್ತದೆ, ನಾನೇ ಅದಕ್ಕೆ ಸಾಕ್ಷಿ. ಹಲಗಿ ಮಾತ್ರ ತಪ್ಪಬಾರದು.

ಕಾಡವ್ವ ಹಲಗಿ ಹಿಡಿದದ್ದು ಹದಿನಾಲ್ಕನೇ ವಯಸ್ಸಿಗೆ. ಹಲಗಿ ಆಕೆಯ ಅಪ್ಪ ಸತ್ತೆಪ್ಪನದು. ಆ ವರ್ಷ ಹಬ್ಬದ ಹಿಂದಿನ ದಿನ ಎತ್ತು ಜಗ್ಗಿ ಅವನ ಬಲಗೈ ಊದಿಕೊಂಡಿತ್ತು. ಏನು ಮಾಡುವುದೆಂದು ಹಿರಿಯರು ತಲೆ ಕೆರೆದುಕೊಳ್ಳುತ್ತಿದ್ದಾಗ ಈ ಹುಡುಗಿ ಹಲಗಿಯನ್ನು ಹೆಗಲಿಗೆ ಹಾಕಿಕೊಂಡು ಬಂದು ಅಂಗಳದಲ್ಲಿ ನಿಂತಳು. ಹೆಣ್ಣುಮಗಳು ಹಲಗಿ ಬಾರಿಸುವುದುಂಟೇ ಎಂದು ಅವರು ಕೇಳುವಷ್ಟರಲ್ಲಿ ಹೆಜ್ಜೆಯವರು ಎರಡು ಸುತ್ತು ಮುಗಿಸಿದ್ದರು. ನಾನಾಗ ಹತ್ತು ವರ್ಷದವನು, ನನ್ನ ಅಪ್ಪನ ಲುಂಗಿ ಹಿಡಿದು ನಿಂತು ನೋಡಿದ್ದೇನೆ.

ಆಕೆಯನ್ನು ಕಣಗಲಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಎರಡು ವರ್ಷದ ಮಗಳನ್ನು ಬಗಲಲ್ಲಿ ಇಟ್ಟುಕೊಂಡು ತವರಿಗೆ ಬಂದವಳು ಅಂದಿನಿಂದ ಕೂಲಿ ಮಾಡಿಯೇ ಬದುಕಿದಳು. ಕಳೆ ತೆಗೆಯುವ ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಕೈಯಲ್ಲಿ ಕುರ್ಚಿಗಿ ಇದ್ದರೂ ಬಾಯಲ್ಲಿ ಹಾಡು ನಿಲ್ಲುವುದಿಲ್ಲ. ಹಾಡು ಬಿರುಸಾದರೆ ಕೈಗಳೂ ಬಿರುಸಾಗುತ್ತವೆ, ಹೊಲದ ಧಣಿ ಖುಷಿಯಾಗುತ್ತಾನೆ. ಧಣಿ ಜಿಪುಣನಾಗಿದ್ದರೆ ಮಾತ್ರ ಆಕೆ ಬೇಕೆಂದೇ ಉದ್ದುದ್ದ ಎಳೆಯುವ ಹಾಡು ತೆಗೆಯುತ್ತಾಳೆ. ಸಂಜೆಯಾದರೂ ಅರ್ಧ ಹೊಲ ಹಾಗೆಯೇ ಇರುತ್ತದೆ.

ಆ ಹೊತ್ತಿಗೇ ಕೇರಿಯ ಮನೆಗಳಿಗೆ ಬುದ್ಧನ ಪಟ ಬಂತು. ಮಗಳ ಹಳೆಯ ಹೆಸರು ಹೋಗಿ ಆಮ್ರಪಾಲಿ ಎಂದಾಯಿತು. ಹಲಗಿ ಬಾರಿಸುವುದು ಊರಿನ ಊಳಿಗ, ಇನ್ನು ಸಾಕು ಎಂದು ಬಹಳಷ್ಟು ಗಂಡಸರು ಅದನ್ನು ಅಟ್ಟಕ್ಕೆ ಎಸೆದರು. ಅವರು ಮಾಡಿದ್ದೂ ಸರಿಯೇ. ಕಾಡವ್ವ ಎಸೆಯಲಿಲ್ಲ. "ಹಲಗಿ ಏನ್ ತಪ್ಪು ಮಾಡೈತಿ? ತಪ್ಪು ಮಾಡಿದವರು ಬ್ಯಾರೆ ಅದಾರ," ಎಂದಳು. ಉಳಿದ ಹನ್ನೊಂದು ಜನರನ್ನು ಕಟ್ಟಿಕೊಂಡು ಮೇಳ ನಡೆಸಿದಳು.

ಇನ್ನು ಊಟದ ಮಾತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಹಬ್ಬದ ಕೊನೆಯ ದಿನ ಮಧ್ಯಾಹ್ನ ಮಸೂತಿಯ ಪಡಸಾಲೆಯಲ್ಲಿ ಊರಿಗೆಲ್ಲ ಊಟ. ಗೋಧಿ ಹುಗ್ಗಿ, ಅನ್ನ, ಸಾರು, ಎಲ್ಲಕ್ಕಿಂತ ಮೊದಲು ಚೊಂಗೆ. ಅಚ್ಚಿನ ಮಣೆಗೆ ಒತ್ತಿ ಬೇಯಿಸಿ, ಮೇಲೆ ಬೆಲ್ಲ, ಗಸಗಸೆ, ತುಪ್ಪ ಹಾಕಿದ ಗೋಧಿಯ ಸಿಹಿ ರೊಟ್ಟಿ ಅದು. ನನ್ನ ಹೆಂಡತಿ ಖಾತುನಬಿಯ ಕೈಯ ಚೊಂಗೆ ತಿನ್ನಲು ಹುಕ್ಕೇರಿಯಿಂದಲೂ ಬೀಗರು ಬರುತ್ತಾರೆ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ ಎಂದು ನಾವು ಹೊರಗಿನವರ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದೆವು. ಹಲಗಿಯವರು ಮಾತ್ರ ಗೇಟಿನ ಹೊರಗೆ ಬೇವಿನ ಗಿಡದ ಬುಡಕ್ಕೆ, ಮನೆಯಿಂದ ಚೀಲದಲ್ಲಿ ತಂದ ತಮ್ಮದೇ ತಾಟು ಇಟ್ಟುಕೊಂಡು. ಬಡಿಸುವವರು ಮೇಲಿನಿಂದ ಹಾಕುವರು. ನೀರೂ ಮೇಲಿನಿಂದಲೇ, ಬೊಗಸೆಗೆ.

ನಾನು ಹಾಡುವ ಪದದಲ್ಲಿ ಒಂದು ಮಾತಿದೆ. ಹೊಳೆ ಎದುರಿಗೇ ಹರಿಯುತ್ತಿರುವಾಗ ನೀರಿಲ್ಲದೆ ಅತ್ತ ಕೂಸುಗಳ ಮಾತು. ಅದನ್ನು ಹಾಡುವಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಕೇಳುವವರೂ ಅಳುತ್ತಿದ್ದರು. ಅತ್ತು ಮುಗಿಸಿ, ಕೈ ತೊಳೆದು, ಪಡಸಾಲೆಗೆ ಹೋಗಿ ಉಣ್ಣುತ್ತಿದ್ದೆವು. ಮೂವತ್ತು ವರ್ಷ ಹಾಡಿದ್ದೇನೆ. ಬೇವಿನ ಗಿಡದ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ತಿರುಗಿ ನೋಡಿದವಳು ಆಮ್ರಪಾಲಿ. ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು ಈಗ. ಹೋದ ವರ್ಷ ಹಬ್ಬಕ್ಕೆ ಬಂದವಳು ತಾಯಿ ಚೀಲದಿಂದ ತಾಟು ತೆಗೆಯುವುದನ್ನು ಕಂಡಳು. ಮರುದಿನ ಬಸ್ಸಿಗೆಂದು ತಾಯಿಯ ಜೊತೆ ಘಟಪ್ರಭಾಕ್ಕೆ ಬಂದು ನನ್ನ ಅಂಗಡಿಯಲ್ಲಿ ಕುಳಿತಾಗ ಬಾಯಿ ಬಿಟ್ಟಳು.

"ಅವ್ವಾ, ಮುಂದಿನ ಮೊಹರಮ್ಮಕ್ಕ ನೀ ಹಲಗಿ ಹಿಡದರ ನಾ ಈ ಊರಿಗೆ ಕಾಲಿಡೂದಿಲ್ಲ."

"ಹಲಗಿ ನಮ್ಮಪ್ಪಂದು ಅವ್ವಿ."

"ಆ ಬೇವಿನ ಗಿಡದ ಬುಡಾನೂ ನಿಮ್ಮಪ್ಪಂದ ಏನು?"

ಬಸ್ಸು ಬಂತು, ಮಗಳು ಹತ್ತಿ ಹೋದಳು. ಕಾಡವ್ವ ಬಾಕಿನಿಂದ ಎದ್ದು ಸೀರೆ ಕೊಡವಿಕೊಂಡು, "ಗೌಸಣ್ಣಾ, ನನಗ ಮಗಳೂ ಬೇಕು, ಹಲಗೀನೂ ಬೇಕು. ಬಿಡೂದಿದ್ರ ಆ ಗಿಡದ ಬುಡ ಬಿಡ್ತೀನಿ," ಎಂದಳು.

ಈ ವರ್ಷ ಹಬ್ಬಕ್ಕೆ ತಿಂಗಳಿರುವಾಗಲೇ ಆಕೆ ಬಸವಲಿಂಗ ಸಾವಕಾರರ ಮನೆಗೆ ಹೋದಳು. ಅವರು ಊರ ಹಿರಿಯರಿಗೆಲ್ಲ ಹಿರಿಯರು. ಬಂಗಾರದಂಥ ಕಬ್ಬು ಬೆಳೆಯುತ್ತಾರೆ, ಮೀಸೆಗೆ ದಿನಾ ಎಣ್ಣೆ ಹಚ್ಚುತ್ತಾರೆ, ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬಂದು ನಿಲ್ಲುತ್ತಾರೆ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಜಗಳಾಡುವುದು ಸುಲಭವಾಗುತ್ತಿತ್ತು.

"ಸಾವಕಾರ್ರ, ಈ ಸಲ ಮೇಳದವರನ್ನ ಪಂಗ್ತ್ಯಾಗ ಉಣ್ಣಾಕ ಕರದ್ರ ಹಲಗಿ ಬರತೈತಿ. ಇಲ್ಲಂದ್ರ ಹಲಗಿ ಗ್ವಾಡಿಗೆ, ನಾ ಮೂಡಲಗ್ಯಾಗ ಮಗಳ ಮನಿಗೆ," ಎಂದು ಹೇಳಿ ಬಂದಳು.

ಹಿರಿಯರ ಸಭೆ ಕೂಡಿತು. ನಾನೂ ಇದ್ದೆ. ಮೂರು ಸಲ ಚಹಾ ಆಯಿತು. ಹಲಗಿ ಇಲ್ಲದ ಮೊಹರಮ್ ಬೇಡ, ಪಂಕ್ತಿಯಲ್ಲಿ ಕೂರಿಸಿದರೆ ಯಾರ್‍ಯಾರು ಎದ್ದು ಹೋಗುತ್ತಾರೋ ಎಂಬ ಅಂಜಿಕೆ ಬೇರೆ. ಕೊನೆಗೆ ಎಲ್ಲರಿಗೂ ಒಪ್ಪುವಂಥ ದಾರಿಯೊಂದು ಸಿಕ್ಕಿತು. ಪಾಪ, ಮನೆಯಿಂದ ತಾಟು ತರಬೇಕಲ್ಲ ಅವರು, ಅದೇ ಅವಮಾನ. ನಾವೇ ಹೊಸ ತಾಟು ಕೊಡಿಸೋಣ, ಒಳ್ಳೆಯವು, ದಪ್ಪನೆಯವು! ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಸಾವಕಾರರ ಗಾಡಿಯಲ್ಲಿ ಇಬ್ಬರೂ ಗೋಕಾಕಕ್ಕೆ ಹೋದೆವು. ಹನ್ನೆರಡು ಸ್ಟೀಲಿನ ತಾಟು ಆರಿಸಿದವನು ನಾನೇ, ಬೆರಳಲ್ಲಿ ಬಡಿದು ಬಡಿದು ನೋಡಿ. ನಮ್ಮ ಕಡೆ ಹೆಸರು ಹಾಕಿಸದೆ ಒಂದು ಚಮಚವೂ ಅಂಗಡಿಯಿಂದ ಹೊರಗೆ ಬರುವುದಿಲ್ಲ. ಮಷೀನು ಹಿಡಿದ ಅಂಗಡಿಯವನು, "ಏನ್ ಬರೀಲ್ರಿ?" ಎಂದು ಕೇಳಿದ. ಸಾವಕಾರರು ನನ್ನ ಮುಖ ನೋಡಿದರು. "ಹಲಗಿ ಮೇಳ ಅಂತ ಬರೀರಿ," ಎಂದೆ. ಹೌದು, ನಾನೇ ಹೇಳಿದ್ದು. "ದೊಡ್ಡದಾಗಿ ಬರಿ, ನಟ್ಟನಡುವ. ಬ್ಯಾರೆ ತಾಟಿನ್ಯಾಗ ಕೂಡಬಾರದು ನೋಡು," ಎಂದು ಸಾವಕಾರರು ಸೇರಿಸಿದರು. ಒಂದು ಡಬ್ಬಿ ಕರದಂಟನ್ನೂ ಕಟ್ಟಿಸಿಕೊಂಡು, ದಾರಿಯುದ್ದಕ್ಕೂ ತಿನ್ನುತ್ತ, ದೊಡ್ಡ ನ್ಯಾಯ ಮಾಡಿಬಂದವರಂತೆ ಊರಿಗೆ ಬಂದೆವು.

ಖಾತುನಬಿಗೆ ಸಿಟ್ಟು ಬಂದರೆ ಮನೆಮಾತು ಉರ್ದುವನ್ನು ಬಿಟ್ಟು ಕನ್ನಡಕ್ಕೆ ಬರುತ್ತಾಳೆ, ಬಾಜೂ ಮನೆಯವರಿಗೂ ತಿಳಿಯಲಿ ಎಂದು.

"ಇದನ್ನ ಮಾಡಾಕ ಗೋಕಾಕಕ್ಕ ಹೋಗಿದ್ರಿ? ಗಿಡದ ಬುಡಕ್ಕ ತಾಟು ಕೊಟ್ರಿ, ಮಂದಿನ್ನ ಅಲ್ಲೇ ಬಿಟ್ರಿ."

"ದಪ್ಪ ತಾಟು ಅದಾವ..." ಎಂದೆ.

"ನಿಮ್ಮ ತಲಿ ಅದಕಿಂತ ದಪ್ಪ ಐತಿ."

ಮರುದಿನ ಸಾವಕಾರರ ಕಟ್ಟೆಯ ಮೇಲೆ ತಾಟುಗಳನ್ನು ಹೊಳೆಯುವಂತೆ ಒರೆಸಿ ಇಟ್ಟು ಕಾಡವ್ವನನ್ನು ಕರೆಸಿದರು. ಅಕ್ಷರ ಕಲಿತದ್ದು ಆಕೆ ಮಗಳ ಪಾಟಿಯ ಮೇಲೆ, ಆದ್ದರಿಂದ ಓದುವುದು ನಿಧಾನ. ಒಂದು ತಾಟು ಎತ್ತಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದಳು. ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ನಗತೊಡಗಿದಳು. ಕಟ್ಟೆ ಹಿಡಿದುಕೊಂಡು ನಕ್ಕಳು.

"ಬಾಳ ಚಲೋ ತಾಟು ಅದಾವ್ರಿ ಸಾವಕಾರ್ರ. ಎಲ್ಲಿ ಕುಂದರಸ್ತೀರಿ ನಮ್ಮನ್ನ?"

"ಅಲ್ಲೇ ಗಿಡದ ಬುಡಕ. ಈ ಸಲ ಮ್ಯಾಲ ತಾಡಪಾಲು ಹಾಕಸ್ತೀವಿ, ಮಳಿ ಹತ್ತಬಾರದು."

"ಆತ್ರಿ. ಮೇಳ ತರ್ತೀನಿ."

ಸಾವಕಾರರು ನನ್ನ ಬೆನ್ನು ಚಪ್ಪರಿಸಿದರು. ಕಾಡವ್ವ ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಹೋಗಿ ಖಾತುನಬಿಯ ಜೊತೆ ಅಡುಗೆಮನೆಯಲ್ಲಿ ಒಂದು ತಾಸು ಕುಳಿತಳಂತೆ. ಏನು ಮಾತಾಡಿದಿರಿ ಎಂದು ನಾನು ಕೇಳಿದ್ದಕ್ಕೆ, "ಚೊಂಗಿಗೆ ಎಷ್ಟು ಬೆಲ್ಲ ಬೇಕಂತ," ಎಂದಳು ಹೆಂಡತಿ.

ಹಬ್ಬದ ಕೊನೆಯ ದಿನ ರವಿವಾರ ಬಂದಿತ್ತು. ಬೆಳಗಿನಿಂದಲೇ ಜಿಟಿಜಿಟಿ ಮಳೆ. ತೊಗಲು ಸಡಿಲಾಗಬಾರದೆಂದು ಕಾಡವ್ವ ಗಳಿಗೆಗೊಮ್ಮೆ ಕಬ್ಬಿನ ಒಣ ರವದಿಗೆ ಬೆಂಕಿ ಹಚ್ಚಿ ಹಲಗಿ ಕಾಸಿಕೊಳ್ಳುತ್ತಿದ್ದಳು. ಅಂದು ಆಕೆ ಬಾರಿಸಿದ ಹಾಗೆ ನಾನು ಎಂದೂ ಕೇಳಿಲ್ಲ. ಎಪ್ಪತ್ತು ದಾಟಿದ ಕುರುಬರ ದುಂಡವ್ವ ಕೂಡ ಕೋಲು ಬಾಜೂಕಿಟ್ಟು ಎರಡು ಹೆಜ್ಜೆ ಹಾಕಿದಳು. ನನಗೆ ಎರಡೇ ಸಲ ಬೈಗುಳ ಬಿತ್ತು, ಅದೂ ಸಣ್ಣವು. ಆಮ್ರಪಾಲಿ ಹತ್ತರ ಬಸ್ಸಿಗೆ ಬಂದು ಗೇಟಿನ ಹತ್ತಿರ ಛತ್ರಿ ಹಿಡಿದು ನಿಂತಿದ್ದಳು. ತಾಯಿಯೇ ಫೋನು ಮಾಡಿ ಕರೆಸಿದ್ದಳಂತೆ. ನಾನು ಒಳಗೆ ಕರೆದರೆ, "ನೋಡಾಕ ಬಂದೀನ್ರಿ ಮಾಮಾ. ಉಣ್ಣಾಕ ಅಲ್ಲ," ಎಂದಳು.

ಊಟದ ಹೊತ್ತಾಯಿತು. ಪಡಸಾಲೆಯಲ್ಲಿ ಎದುರುಬದುರಾಗಿ ಸಾಲು ಕುಳಿತೆವು. ಒಂದು ಸಾಲಿನ ನಡುವೆ ಬಸವಲಿಂಗ ಸಾವಕಾರರು. ಕಾಡವ್ವ ತನ್ನ ಹನ್ನೊಂದು ಜನರೊಂದಿಗೆ ಕೈಕಾಲು ತೊಳೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಬಂದವಳು ಸಾವಕಾರರ ಎದುರಿಗೆ ನಿಂತಳು.

"ಕಾಡವ್ವ, ನಿಮ್ಮ ಜಾಗಾ ಅಲ್ಲಿ ಐತಲ್ಲ," ಎಂದರು ಸಾವಕಾರರು, ಮೆಲ್ಲಗೆ.

"ಅಲ್ಲಿ ತಾಟಿಲ್ರಿ. ತಾಟು ಎಲ್ಲಿ ಅದಾವೋ ಮೇಳ ಅಲ್ಲೇ ಕುಂದರಬೇಕಲ್ರಿ?"

ಅಡುಗೆಮನೆಯ ಬಾಗಿಲಿಗೆ ಖಾತುನಬಿ ಬಂದಳು. ಕೈಯಲ್ಲಿ ಚೊಂಗೆಯ ಬುಟ್ಟಿ. "ಎಲ್ಲಾ ತಾಟು ತೊಳದು ಒಂದರ ಮ್ಯಾಲೊಂದು ಇಟ್ಟೀನ್ರಿ. ಆ ಹನ್ನೆರಡೂ ಅದರಾಗ ಕೂಡ್ಯಾವ. ನೂರಾ ಐವತ್ತರಾಗ ಹುಡಕ್ಕೋಂತ ಕುಂದ್ರಾಕ ನನಗ ಪುರಸೊತ್ತಿಲ್ಲ. ಚೊಂಗಿ ಆರಾಕತ್ತಾವ. ಕುಂದರ್‍ರಿ ಎಲ್ಲಾರೂ."

ಚೊಂಗೆ ಬಿಸಿಯಾಗಿರುವಾಗ ಖಾತುನಬಿಯೊಂದಿಗೆ ವಾದ ಮಾಡಿದವರು ನಮ್ಮೂರಲ್ಲಿ ಇಲ್ಲ. ನಾನು ಜರುಗಿ ಬಾಜೂಕೆ ಜಾಗ ಮಾಡಿದೆ. ಮೂವತ್ತು ವರ್ಷದಲ್ಲಿ ಈ ವಿಷಯಕ್ಕೆ ನಾನು ಮಾಡಿದ್ದು ಅಷ್ಟೇ. ಕಾಡವ್ವ ಕುಳಿತಳು. ಉಳಿದವರೂ ಅಲ್ಲಲ್ಲಿ ಕುಳಿತರು. ಸಾವಕಾರರು ಮೀಸೆ ನೀವಿಕೊಂಡರು.

ಆ ದಿನ ಖಾಲಿ ತಾಟನ್ನು ಯಾರ ಮುಂದೆಯೂ ಇಡಬಾರದೆಂಬುದು ನಮ್ಮೂರ ಪದ್ಧತಿ. ತಾಟಿನ ನಡುವೆ ಚೊಂಗೆ ಇಟ್ಟೇ ಒಳಗಿನಿಂದ ತರುತ್ತಾರೆ. ಹಾಗೆಯೇ ತಂದರು. ಯಾರ ತಾಟು ಯಾವುದೆಂದು ಯಾರಿಗೂ ಕಾಣಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಿನ್ನತೊಡಗಿದೆವು.

ಸಾವಕಾರರು ಚೊಂಗೆಯ ಒಂದು ಅಂಚು ಮುರಿದರು. ಕೆಳಗೆ 'ಹ' ಕಂಡಿತು. ಇನ್ನೊಂದು ತುಂಡು ಮುರಿದರು, 'ಲ' ಬಂತು. ಅವರ ಕೈ ನಿಂತಿತು. ನಾನು ಎದುರು ಸಾಲಿನಲ್ಲೇ ಇದ್ದೆ, ನೋಡಿದೆ. ಹಿರಿಯರು ತಾಟು ಬಿಟ್ಟು ಎದ್ದರೆ ಸಾಲಿಗೆ ಸಾಲೇ ಏಳಬೇಕು, ಅದು ಇನ್ನೊಂದು ಪದ್ಧತಿ. ಅವರು ಎದ್ದರೆ ಕಾಡವ್ವ ಮತ್ತೆ ಎಂದಿಗೂ ಹಲಗಿ ಮುಟ್ಟುವುದಿಲ್ಲ, ಆಮ್ರಪಾಲಿ ಮತ್ತೆ ಎಂದಿಗೂ ಊರಿಗೆ ಬರುವುದಿಲ್ಲ. ಗೇಟಿನಲ್ಲಿ ಆ ಹುಡುಗಿ ಛತ್ರಿ ಮಡಚಿ, ಮಳೆಯಲ್ಲೇ ನಿಂತು ನೋಡುತ್ತಿದ್ದಳು. ಕಾಡವ್ವನ ಕೈಯೂ ತಾಟಿನ ಮೇಲೆ ಹಾಗೆಯೇ ನಿಂತಿತ್ತು.

"ಖಾತುನಬಿ," ಎಂದು ಸಾವಕಾರರು ಕೂಗಿದರು. "ಇನ್ನೊಂದು ಚೊಂಗಿ ತಾ."

ಖಾತುನಬಿ ತಂದು ಅಕ್ಷರಗಳ ಮೇಲೆಯೇ ಇಟ್ಟಳು.

"ಎಷ್ಟು ಚೊಂಗಿ ಹಾಕಿಸಿಕೊಂಡ್ರೂ ಅಕ್ಷರಾ ಹೋಗಂಗಿಲ್ರಿ ಸಾವಕಾರ್ರ," ಎಂದಳು ಕಾಡವ್ವ.

ಅವರು ಆ ಚೊಂಗೆಯನ್ನೂ ತಿಂದರು. ಪೂರಾ ತಿಂದರು. ಖಾಲಿ ತಾಟಿನ ನಟ್ಟನಡುವೆ 'ಹಲಗಿ ಮೇಳ' ಎಂದು, ಅವರೇ ಹೇಳಿ ಬರೆಸಿದ್ದು, ತುಪ್ಪದಲ್ಲಿ ಮಿಂಚುತ್ತಿತ್ತು. ನೋಡುತ್ತ ನೋಡುತ್ತ ಅವರ ಮೀಸೆ ನಡುಗಿತು. ಸಿಟ್ಟೆಂದು ತಿಳಿದು ನಾನು ಏಳಲು ಅಣಿಯಾದೆ. ಸಾವಕಾರರು ನಗುತ್ತಿದ್ದರು.

"ಏನೋ ಗೌಸ, ಇದನ್ನ ದೊಡ್ಡದಾಗಿ ಬರೀ ಅಂದಾವ ನಾನ ಅಲ್ಲೇನೋ?"

"ಹೌದ್ರಿ."

"ಬರೀ ಅಂತ ಮೊದಲ ಹೇಳಿದಾವ ನೀನು."

"ಹೌದ್ರಿ. ಇಬ್ಬರದೂ ತಪ್ಪರಿ."

"ತಪ್ಪ," ಎಂದು ಅವರು ಕಾಡವ್ವನ ಕಡೆ ತಿರುಗಿದರು. ನಗು ನಿಂತಿತ್ತು. "ತಪ್ಪಾತು ಕಾಡವ್ವ. ಇಷ್ಟ ವರ್ಷ ತಪ್ಪಾತು. ಉಣ್ಣು."

ಆಮೇಲೆ ಸಾಲಿನಲ್ಲಿ ಎಲ್ಲರೂ ಚೊಂಗೆ ಎತ್ತೆತ್ತಿ ನೋಡತೊಡಗಿದರು. "ನನಗೂ ಬಂತು ನೋಡ್ರಿ!" ಎಂದು ದುಂಡವ್ವ ತಾಟು ಎತ್ತಿ ಹಿಡಿದಳು, ಬಹುಮಾನ ಬಂದವರ ಹಾಗೆ. ಇಬ್ಬರು ಎದ್ದು ಹೋದರು, ಅದನ್ನೂ ಹೇಳಬೇಕು. ಅವರಿಗಾಗಿ ಯಾರೂ ಕಾಯಲಿಲ್ಲ. ಹುಗ್ಗಿ ಬಂತು, ಸಾರು ಬಂತು, ನೀರು ಎಲ್ಲರಿಗೂ ಲೋಟದಲ್ಲಿ ಬಂತು.

ಆಮ್ರಪಾಲಿ ಒಳಗೆ ಬಂದು ತಾಯಿಯ ಬಾಜೂಕೆ ಕುಳಿತಳು. ಆದರೂ ಗಣಿತದ ಟೀಚರು, ಒಂದು ಲೆಕ್ಕ ಸರಿಬಂದರೆ ಸಾಲದು. "ಕಾಕಾ, ದೀಪಾವಳಿ ಆದಮ್ಯಾಲ ನಿಮ್ಮ ಮನ್ಯಾಗ ಲಗ್ನ ಐತಂತಲ್ರಿ. ಅಲ್ಲಿ ಪಂಗ್ತಿ ಹೆಂಗ ಇರತೈತಿ?" ಎಂದು ಎಲ್ಲರೆದುರಿಗೂ ಕೇಳಿದಳು.

"ಹಿಂಗ," ಎಂದರು ಸಾವಕಾರರು.

"ನಾ ಬಂದು ನೋಡ್ತೀನ್ರಿ."

"ಬಾ ಅವ್ವಾ. ನೋಡಾಕಲ್ಲ, ಉಣ್ಣಾಕ ಬಾ."

ಊಟ ಮುಗಿದ ಮೇಲೆ ಕಾಡವ್ವ ಸಾವಕಾರರನ್ನು ಬಿಡಲಿಲ್ಲ. ಮೇಳದ ತಾಟಿನಲ್ಲಿ ಉಂಡವರು ಪುಕ್ಕಟೆ ಹೋಗುವ ಹಾಗಿಲ್ಲ ಎಂದು ಅವರ ಹೆಗಲಿಗೆ ಹಲಗಿ ಹಾಕಿದಳು. ಸಣ್ಣವರಿದ್ದಾಗ ಹೋಳಿಯಲ್ಲಿ ಬಾರಿಸುತ್ತಿದ್ದರಂತೆ, ಆ ಧೈರ್ಯದ ಮೇಲೆ ಶುರು ಮಾಡಿದರು. ನಾಲ್ಕು ಪೆಟ್ಟಿಗೇ ತಾಳ ಹಳಿ ತಪ್ಪಿತು. "ಸಾವಕಾರ್ರ, ಕಬ್ಬು ಕಡ್ಯಾಕತ್ತೀರೇನ್ರಿ?" ಎಂದು ಆಕೆ ಕೂಗಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ಕೊನೆಗೂ ಬೈಗುಳದಲ್ಲಿ ಒಬ್ಬ ಪಾಲುದಾರ ಸಿಕ್ಕಿದ್ದ.

ತಾಟು ತೊಳೆಯುವಾಗ ಮತ್ತೆ ಮಾತು ಬಂತು. ಆ ಹನ್ನೆರಡರ ಅಕ್ಷರ ಉಜ್ಜಿಸಿ ಅಳಿಸಿಬಿಡೋಣ ಎಂದರು ಸಾವಕಾರರು. ಕಾಡವ್ವ ಒಪ್ಪಲಿಲ್ಲ. "ಅಳಸೂದು ಯಾಕ್ರಿ? ಹೆಸರು ಚಲೋ ಐತಿ. ಉಳದ ತಾಟಿಗೂ ಅದನ್ನ ಬರಸ್ರಿ." ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಬೇಡ ಎನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ, ಹೊಟ್ಟೆ ಬೇರೆ ತುಂಬಿತ್ತು.

ಮೊನ್ನೆ ರವಿವಾರ ಟಂಟಂ ರಿಕ್ಷಾದಲ್ಲಿ ತಾಟುಗಳನ್ನೆಲ್ಲ ಹೇರಿಕೊಂಡು ನಾನು ಮತ್ತು ಕಾಡವ್ವ ಮೂಡಲಗಿಗೆ ಹೋದೆವು. ಆಮ್ರಪಾಲಿಯೇ ಅಲ್ಲೊಂದು ಅಂಗಡಿ ಗೊತ್ತು ಮಾಡಿ ನಮ್ಮ ದಾರಿ ಕಾಯುತ್ತಿದ್ದಳು. ಹೆಸರು ಹಾಕುವವನು ಹತ್ತಿಪ್ಪತ್ತು ತಾಟು ಬರೆದು ಬೇಸತ್ತು ಮಷೀನು ಕೆಳಗಿಟ್ಟ. "ಅಲ್ರೀ, ಇನ್ನೂ ಇಷ್ಟ ಅದಾವು. ನಿಮ್ಮ ಹಲಗಿ ಮೇಳದಾಗ ಮಂದಿ ಎಷ್ಟ ಅದಾರ್‍ರಿ?"

ಆಮ್ರಪಾಲಿ ಮುಂದಿನ ತಾಟು ತೆಗೆದು ಅವನ ಮುಂದೆ ಇಟ್ಟಳು.

"ಬಾರಸಾಕ ಖರೇನ ಬರೂದು ನಮ್ಮವ್ವಗಷ್ಟ. ಮೇಳದಾಗ ಊರ ಮಂದಿ ಎಲ್ಲಾ ಅದೀವ್ರಿ, ನನ್ನನ್ನೂ ಹಿಡದು."

ಕಾಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೊಂದು ತಾಟು ಎತ್ತಿ ಮಗಳ ಕೈಗೆ ಕೊಟ್ಟಳು.